ಗರ್ಭಿಣಿಯ ನಾಲ್ಕರಿಂದ ಆರನೇ ತಿಂಗಳು: ಏನು ಸಹಜ, ಯಾವಾಗ ಎಚ್ಚರ?

ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ 14ನೇ ವಾರದಿಂದ 27ನೇ ವಾರದವರೆಗಿನ ಅವಧಿಯನ್ನು ಎರಡನೇ ತ್ರೈಮಾಸಿಕ ಎನ್ನುತ್ತಾರೆ. ಹೆಚ್ಚಿನವರಲ್ಲಿ ವಾಕರಿಕೆ, ಸುಸ್ತು ಕಡಿಮೆಯಾಗಿ ಊಟ ರುಚಿಸತೊಡಗುತ್ತದೆ. ಆರಾಮವಾಗಿದ್ದೇನಲ್ಲ ಎಂದು ತಪಾಸಣೆ ತಪ್ಪಿಸುವವರೂ ಇದ್ದಾರೆ. ಆದರೆ ಕೆಲವು ಮುಖ್ಯ ಪರೀಕ್ಷೆಗಳು ನಡೆಯಬೇಕಾದದ್ದು ಈ ತಿಂಗಳುಗಳಲ್ಲೇ.

ದೇಹದಲ್ಲಿ ಏನಾಗುತ್ತದೆ?

20ನೇ ವಾರದ ಹೊತ್ತಿಗೆ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಬಂದಿರುತ್ತದೆ. ಅದನ್ನು ಹಿಡಿದಿಟ್ಟ ತಂತುಗಳು ಹಿಗ್ಗುವುದರಿಂದ ತೊಡೆಸಂದಿಯ ಬಳಿ ಚಳುಕು ಬರಬಹುದು. ಎದೆಯುರಿ, ಮಲಬದ್ಧತೆ, ಬೆನ್ನುನೋವು, ಮುಖದಲ್ಲಿ ಕಪ್ಪು ಛಾಯೆ, ಹೊಟ್ಟೆಯ ನಡುವೆ ಕಪ್ಪು ಗೆರೆ ಕೂಡ ಸಾಮಾನ್ಯ. ಚೊಚ್ಚಲ ಗರ್ಭಿಣಿಯರಿಗೆ ಮಗುವಿನ ಅಲುಗಾಟ ಸಾಮಾನ್ಯವಾಗಿ 18ರಿಂದ 22ನೇ ವಾರದಲ್ಲಿ ತಿಳಿಯುತ್ತದೆ. ಹಿಂದೆ ಹೆತ್ತವರಿಗೆ ತುಸು ಮೊದಲೇ ಗೊತ್ತಾಗಬಹುದು.

ತಪ್ಪಿಸಬಾರದ ಪರೀಕ್ಷೆಗಳು

18ರಿಂದ 20ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳು, ಬೆನ್ನುಹುರಿ, ಹೃದಯ, ಮೂತ್ರಪಿಂಡ ಇತ್ಯಾದಿಗಳನ್ನು ನೋಡುತ್ತಾರೆ. ದೋಷ ಕಂಡರೆ ಮುಂದಿನ ಪರೀಕ್ಷೆ, ಚಿಕಿತ್ಸೆ, ನಿರ್ಧಾರ ಎಲ್ಲಕ್ಕೂ ಸಮಯ ಬೇಕು. ಆದ್ದರಿಂದ ಸೀಮಂತ ಮುಗಿಯಲಿ ಎಂದು ಇದನ್ನು ಮುಂದೂಡಬೇಡಿ. ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಕಾನೂನುಬಾಹಿರ.

24ರಿಂದ 28ನೇ ವಾರದಲ್ಲಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ಈ ಪರೀಕ್ಷೆಯಲ್ಲಿ 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ ಎಂದು ಪರಿಗಣಿಸಲಾಗುತ್ತದೆ. ಇದಕ್ಕೆ ಹೆಚ್ಚಾಗಿ ಯಾವ ಲಕ್ಷಣವೂ ಇರುವುದಿಲ್ಲ. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ, ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ವಿಶೇಷ ತಪಾಸಣೆ ಇರುತ್ತದೆ.

ನಂಬಿಕೆ ಮತ್ತು ನಿಜ

ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆಯೇ? ಇಲ್ಲ. ಮೈಬಣ್ಣ ತಂದೆ ತಾಯಿಯರಿಂದ ಬರುವ ವಂಶವಾಹಿಗಳದ್ದು. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಈ ಭಯಕ್ಕೆ ಮಾತ್ರೆಯನ್ನು ಕದ್ದು ಎಸೆಯುವವರಿಗೇ ನಿಜವಾದ ಅಪಾಯ: ರಕ್ತಹೀನತೆ ಇರುವ ತಾಯಿಗೆ ಹೆರಿಗೆಯ ರಕ್ತಸ್ರಾವ ತಡೆದುಕೊಳ್ಳುವುದು ಕಷ್ಟ. ಸರ್ಕಾರಿ ಕಾರ್ಯಕ್ರಮದಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆ ಕೊಡುತ್ತಾರೆ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ.

ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆಯೇ? ಇಲ್ಲ. ಹಾಲು ಒಳ್ಳೆಯದು, ಬಣ್ಣದ ಆಸೆಗೆ ದುಬಾರಿ ಕೇಸರಿ ಕೊಳ್ಳಬೇಕಿಲ್ಲ.

ಇಬ್ಬರಿಗಾಗುವಷ್ಟು ಉಣ್ಣಬೇಕೇ? ಬೇಡ. ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಸಾಕು. ಒಂದು ಲೋಟ ಹಾಲು, ಒಂದು ಹಣ್ಣು, ಹಿಡಿ ಕಡಲೆಬೀಜ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಸೊಪ್ಪು, ಬೇಳೆ, ಮೊಳಕೆಕಾಳು, ಮೊಟ್ಟೆ ಊಟದಲ್ಲಿರಲಿ.

ಹೊಟ್ಟೆಯ ಆಕಾರ ಗಂಡೋ ಹೆಣ್ಣೋ ಹೇಳುತ್ತದೆಯೇ? ಇಲ್ಲ. ಅದು ತಾಯಿಯ ಮೈಕಟ್ಟು, ಸ್ನಾಯುಬಲ, ಮಗು ಮಲಗಿರುವ ರೀತಿಗೆ ಸಂಬಂಧಿಸಿದ್ದು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ರಕ್ತಸ್ರಾವ, ನೀರು ಹೋಗುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಜ್ವರ, ಉರಿಮೂತ್ರ ಕಂಡರೆ ಕಾಯಬೇಡಿ. 20 ವಾರದ ನಂತರ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳ ದಿಢೀರ್ ಊತ ರಕ್ತದೊತ್ತಡ ಏರಿದ್ದರ ಸೂಚನೆ ಇರಬಹುದು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ನಿಗಾ ಬೇಕೇ ಬೇಕು. ಅಲುಗಾಟ ಶುರುವಾದ ಮೇಲೆ ನಿಂತಂತೆ ಅನ್ನಿಸಿದರೆ, ಅಥವಾ 24 ವಾರ ಕಳೆದರೂ ತಿಳಿಯದಿದ್ದರೆ ಅಂದೇ ತೋರಿಸಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಈ ಲಕ್ಷಣಗಳು ಗರ್ಭಿಣಿಗಷ್ಟೇ ಅಲ್ಲ, ಮನೆಯವರಿಗೂ ಗೊತ್ತಿರಲಿ.