ಊರ ಹಸುರು, ಊರ ಹೊಣೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿಗೆ ಸೇರಿದ ಅತನೂರಿನ ಸುತ್ತಣ ಸೀಮೆ ಎರೆಯ ನಾಡು. ಭೀಮಾನದಿಯ ಈ ಬಯಲಿನಲ್ಲಿ ಜೋಳವೂ ತೊಗರಿಯೂ ಕಣ್ಣು ಹಾಯುವವರೆಗೆ ಬೆಳೆಯುತ್ತವೆ. ಕಾಡು ಮಾತ್ರ ಅಪರೂಪ. ಇಲ್ಲಿ ಹಸುರೆಂದರೆ ಹಳ್ಳದ ದಂಡೆಯ ಜಾಲಿ, ಬದುವಿನ ಬೇವು, ಗುಡಿಯ ಮುಂದಣ ಅರಳಿ, ದನ ಮೇಯುವ ಗಾಯರಾಣ, ಇಷ್ಟೆ. ಇದೇ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ ಅಮರಜಾ ನದಿಗಳ ಸಂಗಮದಲ್ಲಿರುವ ಔದುಂಬರ ವೃಕ್ಷಕ್ಕೆ ಯಾತ್ರಿಕರು ಪ್ರದಕ್ಷಿಣೆ ಬರುತ್ತಾರೆ. ದಸರೆಯಲ್ಲಿ ಊರೂರಿನ ಜನರು ಬನ್ನಿಯನ್ನು ಕೊಟ್ಟು ಕೊಂಡು ಹಿರಿಯರ ಕಾಲಿಗೆ ಎರಗುತ್ತಾರೆ. ಮರದ ಮೇಲಣ ಭಕ್ತಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಆದರೆ ಭಕ್ತಿಯು ಒಂದು ಮರವನ್ನು ಉಳಿಸೀತು. ಊರಿನ ಗಾಯರಾಣವನ್ನು ಉಳಿಸುವುದಕ್ಕೆ ಬೇರೆ ಏನೋ ಬೇಕು. ಅದು ಏನೆಂಬುದನ್ನು ಕನ್ನಡನಾಡಿನ ಮೂರು ಊರುಗಳ ಚರಿತ್ರೆಯಿಂದ ನಾವು ಈ ದಿನ ವಿಚಾರಮಾಡೋಣ.

ಮೊದಲನೆಯದು ಉತ್ತರ ಕನ್ನಡದ ಕುಮಟೆಯ ಬಳಿಯ ಹಳಕಾರ. 1864ರಲ್ಲಿ ಬ್ರಿಟಿಷ್ ಸರಕಾರವು ಅರಣ್ಯ ಇಲಾಖೆಯನ್ನು ಸ್ಥಾಪಿಸಿತು. 1878ರ ಅರಣ್ಯ ಶಾಸನವು ವಿಸ್ತಾರವಾದ ಕಾಡುಗಳನ್ನು ಸರಕಾರದ ವಶಕ್ಕೆ ತಂದಿತು. ತಲೆತಲಾಂತರದಿಂದ ಸೊಪ್ಪು, ಸೌದೆ, ಮೇವುಗಳನ್ನು ತರುತ್ತಿದ್ದ ರೈತರು ಒಂದೇ ಬಾರಿಗೆ ಕಾಡಿನ ಕಳ್ಳರೆನಿಸಿದರು. ಆದರೂ ಆ ಶಾಸನದಲ್ಲಿಯೇ ಊರಿಗೊಂದು ಗ್ರಾಮಾರಣ್ಯವನ್ನು ವಹಿಸಿಕೊಡುವುದಕ್ಕೆ ಅವಕಾಶವಿದ್ದಿತು. ಆ ಅವಕಾಶವನ್ನು ಬಳಸಿಕೊಂಡ ಕೆಲವೇ ಊರುಗಳಲ್ಲಿ ಹಳಕಾರವೂ ನೆರೆಯ ಚಿತ್ರಗಿಯೂ ಸೇರಿವೆ. ಅಲ್ಲಿ ಊರಿನವರದೇ ಸಮಿತಿ, ಊರಿನವರೇ ಸಂಬಳ ಕೊಡುವ ಕಾವಲುಗಾರ, ಊರಿನವರೇ ಮಾಡಿಕೊಂಡ ಕಟ್ಟಳೆ. ಸರಕಾರದ ಕಾಡಿನಲ್ಲಿ ಕದ್ದು ಕಡಿಯುವವನು ತನ್ನ ಕಾಡಿನಲ್ಲಿ ತಾನೇ ಕಾವಲುಗಾರನಾದನು.

ಸ್ವಾತಂತ್ರ್ಯ ಬಂದು, ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, ಈ ಸಮಿತಿಗಳನ್ನು ಮುಚ್ಚಬೇಕೆಂದು ಆಜ್ಞೆಯಾಯಿತು. ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ಕಾಡನ್ನು ಉಳಿಸಿಕೊಂಡರು. ಚಿತ್ರಗಿಯ ಗತಿ ಬೇರೆಯಾಯಿತು. ಊರಿನ ಹಕ್ಕು ತಪ್ಪಿದೊಡನೆ ಅಷ್ಟು ಕಾಲ ಕಾದಿದ್ದ ಕಾಡು ಬಹು ಬೇಗನೆ ಅಳಿಯಿತೆಂದು ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ನೆಲವೊಂದೇ, ಜನರ ಬುದ್ಧಿಯೂ ಒಂದೇ. ಬೇರೆಯಾದುದು ಹಕ್ಕು ಮಾತ್ರ. ನಾಳೆ ತನ್ನದಾಗದ ಮರವನ್ನು ಇಂದು ಯಾರು ತಾನೇ ಕಾಯುವರು?

ಎರಡನೆಯದು ಅದೇ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿ. ಅಡಕೆಯ ತೋಟಗಳ ಆ ಸೀಮೆಯಲ್ಲಿ ತೋಟದ ಗೊಬ್ಬರಕ್ಕೆ ಸೊಪ್ಪು ಬೇಕು; ಸೊಪ್ಪಿಗೆ ಕಾಡು ಬೇಕು. ಗುತ್ತಿಗೆದಾರರ ಕೊಡಲಿಯಿಂದ ಕಾಡು ಕರಗಿ, ಹಳ್ಳಗಳು ಬತ್ತುವುದನ್ನು ಕಂಡ ಯುವಕರು, 1973ರಲ್ಲಿ ಹಿಮಾಲಯದ ತಪ್ಪಲಿನಲ್ಲಿ ಮೊದಲಾದ ಚಿಪ್ಕೋ ಚಳವಳಿಯ ಮಾದರಿಯನ್ನು ಹಿಡಿದು, 1983ರ ಸೆಪ್ಟೆಂಬರಿನಲ್ಲಿ ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಅದರ ಮುಂದಾಳುಗಳಲ್ಲಿ ಒಬ್ಬರು. ಅಪ್ಪುಗೆಯ ಚಿತ್ರವೇ ಜನರ ಮನಸ್ಸಿನಲ್ಲಿ ನಿಂತಿದೆ. ಆದರೆ ಆ ಚಳವಳಿಯವರು ಹಿಡಿದ ಸೂತ್ರ ಉಳಿಸು, ಬೆಳೆಸು, ಬಳಸು ಎಂಬುದು. ಬಳಸು ಎಂಬ ಮೂರನೆಯ ಮಾತನ್ನು ನಾವು ಮರೆಯಲಾಗದು. ಕಾಡನ್ನು ಮುಟ್ಟಬಾರದ ವಸ್ತುವೆಂದು ಅವರು ಹೇಳಲಿಲ್ಲ. ಅದರಿಂದ ಬದುಕುವವರೇ ಅದನ್ನು ಬದುಕಿಸಬೇಕೆಂದರು.

ಮೂರನೆಯ ಕಥೆ ಮಲೆನಾಡಿನ ದಟ್ಟಡವಿಯದಲ್ಲ. ಊರ ಹೊರಗಿನ ಬೋಳು ನೆಲದ್ದು. ಆದಕಾರಣವೇ ಅದು ಅತನೂರಿನಂತಹ ಊರುಗಳಿಗೆ ಹೆಚ್ಚು ಹತ್ತಿರವಾದುದು. 1984ರ ನವೆಂಬರ್ 14ರಂದು ಕರ್ನಾಟಕ ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದುವು. ಕೃತಕ ರೇಷ್ಮೆಯ ನೂಲಿಗೆ ಬೇಕಾದ ತಿರುಳಿಗಾಗಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದು ಅದರ ಉದ್ದೇಶ. ಇದಕ್ಕೆಂದು ಸುಮಾರು 30,000 ಹೆಕ್ಟೇರು, ಎಂದರೆ 75,000 ಎಕರೆಯಷ್ಟು ನೆಲವನ್ನು ಒದಗಿಸುವ ಯೋಜನೆಯಾಯಿತು. ಕಡತದಲ್ಲಿ ಅದು ಪಾಳು ಭೂಮಿ. ಸುತ್ತಲ ಹಳ್ಳಿಯವರಿಗೆ ಅದೇ ದನದ ಮೇವು, ಒಲೆಯ ಸೌದೆ, ನೇಗಿಲಿನ ಮರ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲವೆಂಬುದು ಒಂದು ವರ್ಷದಲ್ಲಿಯೇ ಯಾರಿಗೂ ತಿಳಿಯತಕ್ಕ ಮಾತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಊರೂರಿನ ಜನರನ್ನು ಕೂಡಿಸಿತು. ಕಡಲತೀರದ ಹಿರಿಯ ಲೇಖಕರಾದ ಶಿವರಾಮ ಕಾರಂತರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರಾದರು. 1987ರ ಮಾರ್ಚಿನಲ್ಲಿ, ಇನ್ನು ಮುಂದೆ ನೆಲವನ್ನು ಕಂಪನಿಗೆ ವಹಿಸಬಾರದೆಂದು ತಡೆಯಾಜ್ಞೆ ಹೊರಟಿತು. ಆ ವರ್ಷದ ನವೆಂಬರ್ 14ರಂದು, ಕಂಪನಿಯ ಮೂರನೆಯ ವಾರ್ಷಿಕ ದಿನದಲ್ಲಿ, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಸುಮಾರು 2,000 ಜನರು ಅಹಿಂಸೆಯ ಪ್ರತಿಜ್ಞೆ ಮಾಡಿದರು. ಡೊಳ್ಳು ಬಾರಿಸುತ್ತ, ಹೆಂಗಸರು ಮುಂದಾಗಿ ನಡೆದು, ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಳಿಗಳಲ್ಲಿಯೇ ಹಣ್ಣು ಮೇವುಗಳ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವೆಂದು ಇದಕ್ಕೆ ಹೆಸರು. ಕಿತ್ತುದು ಪ್ರತಿಭಟನೆ, ಹಚ್ಚಿದುದು ಹೊಣೆ. ಬರಿದೆ ಕಿತ್ತಿದ್ದರೆ ಚರಿತ್ರೆ ಅದನ್ನು ಮರೆಯುತ್ತಿತ್ತೋ ಏನೋ. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಹಳ್ಳಿಯ ಮಾತಿದು, ನಗರದ ನಮಗೇನೆಂದು ಕೇಳುವವರೂ ಉಂಟು. 1998ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಉದ್ಯಾನದ ಎಲ್ಲೆಯಿಂದ ಹೊರತೆಗೆಯಲು ಸರಕಾರ ಹೊರಟಾಗ ಅಲ್ಲಿನ ನಾಗರಿಕರು ಪ್ರತಿಭಟಿಸಿದುದನ್ನು ಅವರು ನೆನೆಯಬೇಕು. ದಿನವೂ ಅದರ ನೆರಳಿನಲ್ಲಿ ನಡೆದಾಡುವವರಿಗೇ ಅದರ ನಷ್ಟ ಮೊದಲು ತಿಳಿಯಿತು.

ಈಗ ಎರೆಯ ನಾಡಿಗೆ ಮರಳೋಣ. ಕರ್ನಾಟಕದ ಭೂಕಂದಾಯ ನಿಯಮಗಳ ಮೇರೆಗೆ ಪ್ರತಿ 100 ದನಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಗೋಮಾಳವನ್ನು ಊರಿಗೆ ಬಿಡತಕ್ಕದ್ದು. ಊರಿನ ಸಾಮೂಹಿಕ ನೆಲದ ಒತ್ತುವರಿಯನ್ನು ತೆರವುಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ವಿಧಿಸಿತು. ಜೀವವೈವಿಧ್ಯದ 2002ರ ಶಾಸನವು ಪಂಚಾಯತಿಗೊಂದು ಸಮಿತಿಯನ್ನು ಹೇಳುತ್ತದೆ. ಶಾಸನಕ್ಕೆ ಬರವಿಲ್ಲ. ಆದರೆ ಹಳಕಾರದ ಕಾವಲುಗಾರನ ಸಂಬಳವನ್ನು ಶಾಸನ ಕೊಡಲಿಲ್ಲ, ಕುಸನೂರಿನ ಗುಳಿಗಳಲ್ಲಿ ಗಿಡವನ್ನು ಶಾಸನ ನೆಡಲಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೆಟ್ಟ ಗಿಡ ಬದುಕುವುದೋ ಇಲ್ಲವೋ ಎಂಬುದು ಮೊದಲ ಎರಡು ಮೂರು ಬೇಸಗೆಗಳಲ್ಲಿ ತೀರ್ಮಾನವಾಗುತ್ತದೆ. ಆ ಬೇಸಗೆಗಳಲ್ಲಿ ನೀರು ಹೊರುವವರೂ ಆಡು ಕಾಯುವವರೂ ಊರಿನವರೇ. ನಾಳೆ ಅದರ ನೆರಳೂ ಮೇವೂ ತಮಗೇ ಸಲ್ಲುವುದೆಂಬ ಭರವಸೆ ಅವರಿಗಿದ್ದರೆ ಕೊಡವನ್ನು ಹೊರುವರು. ಇಲ್ಲವಾದರೆ ವನಮಹೋತ್ಸವದ ಗುಳಿಯಲ್ಲಿ ಮುಂದಿನ ವರ್ಷ ಮತ್ತೊಂದು ಸಸಿಯನ್ನು ನೆಡಬೇಕಾಗುವುದು.

ಅತನೂರಿನಂತಹ ಊರುಗಳ ಗಾಯರಾಣಕ್ಕೆ ಚರಿತ್ರೆ ಕೊಡುವ ಪಾಠವಿಷ್ಟೆ: ಹಕ್ಕಿಲ್ಲದ ಹೊಣೆಯನ್ನು ಯಾರೂ ಹೊರುವುದಿಲ್ಲ, ಹೊಣೆಯಿಲ್ಲದ ಹಕ್ಕು ಹಸುರನ್ನು ಉಳಿಸುವುದಿಲ್ಲ. ಎರಡೂ ಒಂದೇ ಕೈಯಲ್ಲಿ ಕೂಡಿದ ಕಡೆ, ಎರೆಯ ನೆಲವಾಗಲಿ ಮಲೆಯ ನೆಲವಾಗಲಿ, ಮರ ನಿಂತಿದೆ.