ಬೆಳೆ ಕಾಯುವ ಕೋವಿ: ಆಯ್ಕೆ ಯಾರದು?

ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕೀ, ವಾರಾಹಿ ಎಂಬ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಅಳಿವೆ ಗಂಗೊಳ್ಳಿ. ಇಲ್ಲಿಂದ ಹೊಳೆಯ ದಂಡೆ ಹಿಡಿದು ಮೂಡಣಕ್ಕೆ ಹೊರಟರೆ ಮೊದಲು ತೆಂಗು, ಆಮೇಲೆ ಗದ್ದೆ, ಅದರಾಚೆ ಅಡಿಕೆ ತೋಟ, ಕೊನೆಗೆ ಕೊಲ್ಲೂರು, ಅಮಾಸೆಬೈಲುಗಳ ಕಾಡು. ಈ ಕಿರಿದಾದ ಪಟ್ಟಿಯಲ್ಲಿ ಬೇಸಾಯಗಾರನ ಮನೆಯ ಗೋಡೆಗೆ ಒರಗಿ ನಿಂತ ಕೋವಿಯದ್ದೊಂದು ಸ್ವಾರಸ್ಯದ ಚರಿತ್ರೆ. ಬೆಳೆ ತಿನ್ನುವ ಹಂದಿ ಘಟ್ಟದಿಂದ ಇಳಿದು ಬಂತು. ಅದನ್ನು ಹೆದರಿಸುವ ಕೋವಿ ಕಡಲಿನಿಂದ ಹತ್ತಿ ಬಂತು. ಆದರೆ ಯಾವ ಕೋವಿ ಇರಬೇಕೆಂಬುದನ್ನು ಹಂದಿಯೂ ತೀರ್ಮಾನಿಸಲಿಲ್ಲ, ಬೇಸಾಯಗಾರನೂ ತೀರ್ಮಾನಿಸಲಿಲ್ಲ. ಅದನ್ನು ತೀರ್ಮಾನಿಸಿದ್ದು ಸರಕಾರ.

ಪಶ್ಚಿಮ ಕರಾವಳಿಗೆ ಬಂದೂಕನ್ನು ಪರಿಚಯಿಸಿದವರಲ್ಲಿ ಪೋರ್ಚುಗೀಸರು ಮುಖ್ಯರು. ಬಸರೂರಿನ ಅಕ್ಕಿಯ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದ ಅವರು 17ನೆಯ ಶತಮಾನದಲ್ಲಿ ಗಂಗೊಳ್ಳಿಯಲ್ಲೂ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಇಲ್ಲಿಂದ ತೆರವು ಮಾಡಿಸಿದ. ಪರಂಗಿಗಳು ಹೋದರೂ ಅವರ ಆಯುಧ ಉಳಿಯಿತು. ಬಂದೂಕು ಎಂಬ ಮಾತು ಅರಬ್ಬಿಯಿಂದಲೂ ತುಪಾಕಿ ಎಂಬ ಮಾತು ತುರ್ಕಿಯಿಂದಲೂ ಬಂದವು. ರೈತರ ಬಾಯಲ್ಲಿ ನಿಂತದ್ದು ಮಾತ್ರ ಕೊಳವೆ ಎಂಬ ಅರ್ಥವೂ ಇರುವ ಅಚ್ಚಗನ್ನಡದ ‘ಕೋವಿ’.

1857ರ ದಂಗೆಯ ಬಳಿಕ ಬ್ರಿಟಿಷರಿಗೆ ಹಳ್ಳಿಯ ಕೋವಿಯ ಮೇಲೂ ಅನುಮಾನ ಹುಟ್ಟಿತು. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ನೀಡಿತು. ಗಾಂಧೀಜಿಯವರು ಕಟುವಾಗಿ ಖಂಡಿಸಿದ ಕಾಯ್ದೆಗಳಲ್ಲಿ ಇದೂ ಒಂದು. ಆದರೆ ಇದೇ ಸರಕಾರಕ್ಕೆ ಕಾಡು ಕಡಿದು ಸಾಗುವಳಿ ಹೆಚ್ಚಬೇಕಿತ್ತು, ಕಂದಾಯ ಬರಬೇಕಿತ್ತು. ಆದ್ದರಿಂದ ಹುಲಿ, ಚಿರತೆಗಳನ್ನು ಕೊಂದವರಿಗೆ ಅದು ಇನಾಮು ಕೊಟ್ಟಿತು. ಬೆಳೆ ರಕ್ಷಣೆಯ ಕೋವಿಗೆ ಅವಕಾಶವನ್ನೂ ಇಟ್ಟಿತು. ಒಂದು ಕೈಯಲ್ಲಿ ಅನುಮಾನ, ಇನ್ನೊಂದು ಕೈಯಲ್ಲಿ ಬಹುಮಾನ.

ಕಾಯ್ದೆಯೇ ಆರಿಸಿದ ಕೋವಿ

ಸ್ವತಂತ್ರ ಭಾರತದ 1959ರ ಶಸ್ತ್ರ ಕಾಯ್ದೆಯ 13ನೆಯ ಕಲಮಿನಲ್ಲಿ ಈ ಕತೆಯ ತಿರುಳಿದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗಾಗಿ ಕೇಳುವ ನಾಗರಿಕನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡತಕ್ಕದ್ದು ಎಂದು ಅದು ಹೇಳುತ್ತದೆ. ಅಂಥ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ, ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ಗುರಿ ಅಭ್ಯಾಸಕ್ಕಾದರೆ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಪಾಯಿಂಟ್ 22 ರೈಫಲು ಅಥವಾ ಏರ್ ರೈಫಲು. ಅಂದರೆ ಗದ್ದೆಗೊಂದು ಕೋವಿ, ಗುರಿಗೊಂದು ಕೋವಿ ಎಂದು ಶಾಸನವೇ ವಿಂಗಡಿಸಿಟ್ಟಿದೆ.

ಅಮೆರಿಕದಲ್ಲಿ ಈ ಎರಡೂ ಕೆಲಸಕ್ಕೆ ಒಂದೇ ಆಯುಧವನ್ನು ಆರಿಸುವ ರೂಢಿಯಿದೆ. ಹುಲ್ಲುಗಾವಲನ್ನು ತೋಡುವ ಸಣ್ಣ ಪ್ರಾಣಿಗಳನ್ನು ದೂರದಿಂದ ಹೊಡೆಯಲೂ ಕಾಗದದ ಗುರಿಗೆ ಹೊಡೆಯಲೂ ಅಲ್ಲಿ ದಪ್ಪ ನಳಿಗೆಯ ಸೆಮಿ ಆಟೋಮ್ಯಾಟಿಕ್ ರೈಫಲುಗಳು ಮಾರಾಟಕ್ಕಿವೆ. ಪ್ರತಿ ಸಲ ಕುದುರೆ ಎಳೆದಾಗಲೂ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಒಳಸೇರುತ್ತದೆ. ನಳಿಗೆ ದಪ್ಪವಾದಷ್ಟೂ ನಿಧಾನವಾಗಿ ಕಾಯುತ್ತದೆ, ಗುಂಡು ಹೊರಡುವಾಗ ಕಡಿಮೆ ಅದುರುತ್ತದೆ. ಹತ್ತಾರು ಗುಂಡು ಹಾರಿಸಿದರೂ ಗುರಿ ಸರಿಯದು. ಒಂದೇ ಕಡೆ ಊರಿ ಕೂತು ಹೊಡೆಯುವವನಿಗೆ ಅದರ ಭಾರ ತೊಡಕಲ್ಲ, ಅನುಕೂಲವೇ.

ಭಾರತದ ಶಸ್ತ್ರ ನಿಯಮಗಳಾದರೋ ಇಂಥ ರೈಫಲುಗಳನ್ನು ನಿಷೇಧಿತ ವರ್ಗಕ್ಕೆ ಸೇರಿಸಿವೆ. ಸೈನ್ಯದ ತೋಟೆ ನಾಗರಿಕರ ರೈಫಲಿಗೆ ಹೊಂದಬಾರದೆಂಬ ನೀತಿಯೂ ಬಹಳ ಹಳೆಯದು. ಪಾಯಿಂಟ್ 303 ರೈಫಲು ಜನರ ಕೈಗೆ ಸಿಗದೆ, ಇಛಾಪುರದ ಸರಕಾರಿ ಕಾರ್ಖಾನೆಯ ಪಾಯಿಂಟ್ 315 ರೈಫಲು ಪ್ರಸಿದ್ಧವಾದದ್ದು ಈ ಕಾರಣಕ್ಕೇ. ಹೀಗೆ ಕರಾವಳಿಯ ರೈತನಿಗೆ ಉಳಿದದ್ದು ಎರಡೇ: ಕೇಪಿನ ಕೋವಿ, ಇಲ್ಲವೆ ತೋಟೆಕೋವಿ.

ಮಳೆಗಾಲದ ಒಂದೇ ಈಡು

ಕೇಪಿನ ಕೋವಿಯ ಕೆಲಸ ಸರಳ, ಆದರೆ ನಿಧಾನ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಚರೆಯನ್ನೋ ಗುಂಡನ್ನೋ ಇಳಿಸಿ, ಗಜದಿಂದ ಜಡಿದು, ಹಿಂಬದಿಗೆ ಕೇಪು ಸಿಕ್ಕಿಸಬೇಕು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆತ ಕರಿಮದ್ದು ತೇವವನ್ನು ಹೀರುತ್ತದೆ. ಭತ್ತ ಹಾಲುಗಟ್ಟಿ ಹಂದಿ ಇಳಿಯುವ ದಿನಗಳಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕೇಪು ಟಪ್ಪೆಂದು ಸುಮ್ಮನಾದರೆ ಆ ರಾತ್ರಿಯ ಕಾವಲು ಮುಗಿದಂತೆ. ಹೊಡೆದ ಬಳಿಕ ನಳಿಗೆಯೊಳಗೆ ಉಳಿಯುವ ಕಿಟ್ಟ ನೀರನ್ನೆಳೆದು ತುಕ್ಕು ಹಿಡಿಸುತ್ತದೆ. ಗಂಗೊಳ್ಳಿಯಂಥ ಕಡಲ ಕರೆಯಲ್ಲಿ ಉಪ್ಪುಗಾಳಿಯೂ ಜತೆ ಸೇರುತ್ತದೆ. ಬಿಸಿನೀರಲ್ಲಿ ತೊಳೆದು ಎಣ್ಣೆ ಸವರದ ಕೋವಿ ಮರುವರ್ಷಕ್ಕೆ ಉಳಿಯದು. ತೋಟೆಕೋವಿಯಲ್ಲಿ ಈ ತಾಪತ್ರಯ ಕಡಿಮೆ. ಜೋಡಿ ನಳಿಗೆಯಿದ್ದರೆ ಎರಡನೆಯ ಈಡೂ ಉಂಟು.

ಆದರೂ ಕಾಯ್ದೆಯ ಆಯ್ಕೆ ಈ ನೆಲಕ್ಕೆ ತೀರ ಒಗ್ಗದ್ದಲ್ಲ. ನುಣುಪು ನಳಿಗೆಯಿಂದ ಚದುರಿ ಹೋಗುವ ಚರೆಯ ಬಿರುಸು ಸುಮಾರು 40 ಗಜದಾಚೆ ಕುಗ್ಗುತ್ತದೆ. ರೈಫಲಿನ ಗುಂಡು ಹಾಗಲ್ಲ. ಸಣ್ಣ ಪಾಯಿಂಟ್ 22 ಕೂಡ ಒಂದು ಕಿಲೋಮೀಟರನ್ನು ಮೀರಿ ಹಾರಬಲ್ಲದು. ಅಮೆರಿಕದ ಬಯಲಲ್ಲಿ ಆ ದೂರ ಖಾಲಿ. ಕುಂದಾಪುರ ಸೀಮೆಯಲ್ಲಿ ಒಂದೊಂದು ತೋಟದ ನಡುವೆ ಒಂದೊಂದು ಮನೆ, ಗದ್ದೆಯ ಅಂಚಿನಲ್ಲೇ ದಾರಿ. ಇಲ್ಲಿ ಗುರಿ ತಪ್ಪಿದ ಗುಂಡಿಗೆ ಹೋಗಿ ಬೀಳಲು ಖಾಲಿ ಜಾಗವೇ ಇಲ್ಲ.

ಘಟ್ಟದ ಮೇಲಿನ ಕೊಡಗಿನ ಕತೆ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣದಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಅದು ಮುಂದುವರಿದಿದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ, ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಘಟ್ಟದ ಮೇಲೆ ಕೋವಿ ಕುಲದ ಗುರುತಾದರೆ, ಘಟ್ಟದ ಕೆಳಗೆ ಅದು ಕಾಲಕಾಲಕ್ಕೆ ನವೀಕರಿಸಬೇಕಾದ ಒಂದು ಕಾಗದ.

ಕೋವಿಯುಂಟು, ಹೊಡೆಯುವಂತಿಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಕಾಗದದ ಅರ್ಥವೇ ಬದಲಾಯಿತು. 1974ರಲ್ಲಿ ಮೂಕಾಂಬಿಕಾ ಅಭಯಾರಣ್ಯ ಘೋಷಣೆಯಾಯಿತು. ಹಿಂದೆ ಇನಾಮು ತರುತ್ತಿದ್ದ ಬೇಟೆ ಈಗ ಅಪರಾಧ. ಹಂದಿಯೂ ರಕ್ಷಿತ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಅದನ್ನು ಹೊಡೆಯಬಹುದು. ಕಾಗೆ, ಇಲಿ, ಬಾವಲಿಗಳಂಥ ಉಪದ್ರವಿಗಳಿಗಾಗಿಯೇ ಕಾಯ್ದೆಯಲ್ಲಿದ್ದ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಉಪದ್ರವಿಯೆಂದು ಪ್ರತ್ಯೇಕವಾಗಿ ಘೋಷಿಸುವ ಅಧಿಕಾರ ಕೇಂದ್ರದ ಕೈಯಲ್ಲಿದೆ. ಕೇಂದ್ರ 2015ರಲ್ಲಿ ಬಿಹಾರದಲ್ಲೂ 2016ರಲ್ಲಿ ಉತ್ತರಾಖಂಡದಲ್ಲೂ ಕೆಲವು ಜಿಲ್ಲೆಗಳ ಹಂದಿಯನ್ನು ಹೀಗೆ ಘೋಷಿಸಿತ್ತು. ಇನ್ನು ಮಂಗ, ನವಿಲುಗಳ ಮೇಲೆ ಕೋವಿ ಎತ್ತಲು ಕಾಯ್ದೆಗಿಂತ ಮೊದಲು ರೈತನ ಮನಸ್ಸೇ ಒಪ್ಪದು.

ಹೀಗಾಗಿ ಬೆಳೆ ಕಾಯುವ ಕೋವಿ ಇಂದು ಬಹುಮಟ್ಟಿಗೆ ಸದ್ದು ಮಾಡುವ ಯಂತ್ರ. ಆ ಸದ್ದಿಗೂ ಬಿಡುವುಂಟು: ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಠೇವಣಿ ಇಡಿಸುವ ಕ್ರಮವಿದೆ. ಬೇಸಾಯಗಾರರು ಪ್ರತಿ ಬಾರಿಯೂ ವಿನಾಯಿತಿ ಕೇಳುತ್ತಾರೆ; ಹಂದಿಗೆ ನೀತಿಸಂಹಿತೆ ಇಲ್ಲವಲ್ಲ!

ಇದನ್ನು ರೈತನ ಸಂಕಟವೆಂದಷ್ಟೇ ನೋಡಿದರೆ ಅರ್ಧ ನೋಡಿದಂತೆ. ಲೆಕ್ಕದಲ್ಲಿರುವ ಕೋವಿ ಕೆಲಸಕ್ಕೆ ಬಾರದೆ ಹೋದ ಕಡೆ ಲೆಕ್ಕಕ್ಕೆ ಸಿಗದ ಉಪಾಯಗಳು ತಲೆಯೆತ್ತುತ್ತವೆ: ತಂತಿಯ ಉರುಳು, ಬೇಲಿಗೆ ಹರಿಸಿದ ಕರೆಂಟು, ಹಿಟ್ಟಿನೊಳಗಿಟ್ಟ ಸಿಡಿಮದ್ದು. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಯ ಕರೆಂಟಿಗೆ ಮನುಷ್ಯನೂ ಬಲಿಯಾಗುತ್ತಾನೆ. ಕೋವಿಯ ಹಿಂದೆ ಕಡೇಪಕ್ಷ ಒಬ್ಬನ ಕಣ್ಣಿರುತ್ತದೆ, ಹೆಸರಿರುತ್ತದೆ, ಪರವಾನಗಿಯ ನಂಬರಿರುತ್ತದೆ. ಉರುಳಿಗೆ ಇವಾವುವೂ ಇಲ್ಲ. ಯಾವ ಕೋವಿ ಬೇಕೆಂಬುದನ್ನು ಸರಕಾರ ನೂರೈವತ್ತು ವರ್ಷಗಳಿಂದ ನಿರ್ಧರಿಸುತ್ತ ಬಂದಿದೆ. ಆ ಕೋವಿಯನ್ನು ಯಾವಾಗ ಎತ್ತಬಹುದು ಎಂಬುದಕ್ಕೆ ಸ್ಪಷ್ಟ ಉತ್ತರ ಬೇಗ ಸಿಕ್ಕಷ್ಟೂ ಗದ್ದೆಗೂ ಕಾಡಿಗೂ ಕ್ಷೇಮ.