ಒಂದೇ ಹಣ್ಣು, ಎರಡು ಕಾನೂನು: ಕಾಸರಗೋಡಿನ ಗೇರುಹಣ್ಣಿನ ಸಾರಾಯಿಯ ಚರಿತ್ರೆ

ಬೇಸಿಗೆಯಲ್ಲಿ ಕಾಸರಗೋಡಿನ ಗುಡ್ಡೆಗಳಲ್ಲಿ ಗೇರುಹಣ್ಣು ಉದುರುತ್ತದೆ. ಬೀಜವನ್ನು ತಿರುಚಿ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಬಿಡುವುದು ವಾಡಿಕೆ. ತೂಕದಲ್ಲಿ ಬೀಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವ ಈ ಹಣ್ಣಿನಿಂದಲೇ ಗೋವಾದಲ್ಲಿ ಫೆನಿ ಇಳಿಸುತ್ತಾರೆ. ಅದಕ್ಕೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ಪಾನೀಯವೆಂದು ಸಾರಿತು. ಅದೇ ಹಣ್ಣಿನ ಸಾರಾಯಿ ಕಾಸರಗೋಡಿನಲ್ಲಿ ಕಳ್ಳಬಟ್ಟಿ. ಈ ಅಂತರಕ್ಕೆ ಹಣ್ಣಿನ ಗುಣವಾಗಲಿ ಕೈಚಳಕದ ಕೊರತೆಯಾಗಲಿ ಕಾರಣವಲ್ಲ, ಅಬಕಾರಿ ಕಾನೂನಿನ ಚರಿತ್ರೆಯೇ ಕಾರಣ ಎಂಬುದು ಈ ಲೇಖನದ ವಾದ.

ಗೇರುಮರ ಬ್ರೆಜಿಲಿನಿಂದ ಪೋರ್ಚುಗೀಸರೊಡನೆ ಬಂದದ್ದು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಔಷಧಸಸ್ಯಗಳ ಗ್ರಂಥದಲ್ಲಿ ಅದರ ಸುದ್ದಿಯಿಲ್ಲ. 1578ರಲ್ಲಿ ಕ್ರಿಸ್ತೊವಾವ್ ದ ಕೋಸ್ತಾ ಕೊಚ್ಚಿಯ ತೋಟಗಳಲ್ಲಿ ಕಂಡ ಗೇರುಮರವನ್ನು ವರ್ಣಿಸುತ್ತಾನೆ. ಸುಮಾರು ನೂರು ವರ್ಷಗಳ ಬಳಿಕ, 1682ರ 'ಹೊರ್ಟಸ್ ಮಲಬಾರಿಕಸ್' ಮೂರನೆಯ ಸಂಪುಟದಲ್ಲಿ ಅದು 'ಕಪ ಮಾವ' ಎಂಬ ಮಲಯಾಳ ಹೆಸರಿನೊಂದಿಗೆ ಚಿತ್ರಸಹಿತ ಬಂದಿದೆ. ಮಲಬಾರಿನ ಗಿಡಮರಗಳ ಪಟ್ಟಿಯಲ್ಲಿ ಸೇರುವಷ್ಟು ಅದು ಅಷ್ಟರಲ್ಲಿ ಈ ಕರಾವಳಿಯದೇ ಆಗಿತ್ತು.

ಬಟ್ಟಿ ಇಳಿಸುವ ವಿದ್ಯೆ ಮಾತ್ರ ಮರಕ್ಕಿಂತ ಹಳೆಯದು. ತೆಂಗಿನ ಕಳ್ಳನ್ನು ಕಾಯಿಸಿ ಸಾರಾಯಿ ತೆಗೆಯುವುದನ್ನು, ಮೊದಲಿಗೆ ಇಳಿಯುವ ಕಡುಸಾರವನ್ನು ಬೇರೆಯಾಗಿಡುವುದನ್ನು ಓರ್ತಾ ಆಗಲೇ ದಾಖಲಿಸಿದ್ದ. ತುಳುವರು ಕಳ್ಳಿಗೆ ಕಲಿ ಎನ್ನುತ್ತಾರೆ, ಬಟ್ಟಿ ಇಳಿಸಿದ್ದಕ್ಕೆ ಗಂಗಸರ. ಭೂತಾರಾಧನೆಯಲ್ಲಿ ಇವಕ್ಕೆ ಸ್ಥಾನವುಂಟು. ತೆಂಕಣ ಭಾಗದ ಮುತ್ತಪ್ಪನ್ ತೆಯ್ಯಕ್ಕೆ ಕಳ್ಳು ನೈವೇದ್ಯ. ಗಂಗಸರವೆಂದೊಡನೆ ಗೇರಿನ ಸಾರಾಯಿ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಕಳ್ಳಿಗಾಗಿ ಇದ್ದ ಮಡಕೆ, ಕೊಳವೆ, ಕೈಯಳತೆಗಳೇ ಪರದೇಶದ ಹಣ್ಣಿಗೂ ಒದಗಿದವು ಎಂದು ಹೇಳುವುದು ಹೆಚ್ಚು ಸಮಂಜಸ.

ವಿಧಾನವೂ ಸರಳ. ಹಣ್ಣನ್ನು ತುಳಿದು ಅಥವಾ ಜಜ್ಜಿ ರಸ ಹಿಂಡಬೇಕು, ಅದೂ ಉದುರಿದ ದಿನವೇ, ಏಕೆಂದರೆ ಮರುದಿನಕ್ಕೆ ಹಣ್ಣು ಕೊಳೆಯತೊಡಗುತ್ತದೆ. ರಸದಲ್ಲಿ ಸಕ್ಕರೆ ಧಾರಾಳ. ಹಣ್ಣಿನ ಮೈಮೇಲಿನ ಯೀಸ್ಟೇ ಎರಡು ಮೂರು ದಿನಗಳಲ್ಲಿ ಅದನ್ನು ಹುಳಿಸುತ್ತದೆ. ಗೋವಾದವರು ಒಂದು ಸಲ ಇಳಿಸಿದ ಮೆದು ಮದ್ಯವನ್ನು ಉರ್ರಾಕ್ ಎನ್ನುತ್ತಾರೆ. ಅದನ್ನು ಹೊಸ ಹುಳಿರಸದೊಡನೆ ಬೆರೆಸಿ ಮತ್ತೆ ಇಳಿಸಿದರೆ ನೂರಕ್ಕೆ 40ಕ್ಕೂ ಮೀರಿ ಆಲ್ಕೋಹಾಲ್ ಇರುವ ಫೆನಿ. ಕಾಸರಗೋಡಿನ ಪತ್ರಿಕೆಗಳಲ್ಲಿ ಹುಳಿರಸ ಎಂಬ ಮಾತು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಅಬಕಾರಿಯವರು ಅದನ್ನು ಚೆಲ್ಲಿದ ಸುದ್ದಿಯಲ್ಲಿ.

ಇಲ್ಲಿಂದ ಕಾನೂನಿನ ಕಥೆ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1886ರ ಮದ್ರಾಸ್ ಅಬಕಾರಿ ಕಾಯ್ದೆ ಪರವಾನಗಿಯಿಲ್ಲದ ತಯಾರಿಯನ್ನು ಅಪರಾಧವಾಗಿಸಿತು. ಸರ್ಕಾರಕ್ಕೆ ಬೇಕಿದ್ದುದು ಗಡಂಗಿನ ಆದಾಯ. ಮನೆಯ ಹಿತ್ತಿಲಲ್ಲಿ ಇಳಿದ ಸಾರಾಯಿ ಆ ಆದಾಯಕ್ಕೆ ಪೆಟ್ಟು. 1937ರಲ್ಲಿ ರಾಜಾಜಿ ಸೇಲಂನಿಂದ ಆರಂಭಿಸಿದ ಪಾನನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಿಷೇಧ ಮುಂದುವರಿದು 1967ರಲ್ಲಿ ಇ.ಎಂ.ಎಸ್. ಸರ್ಕಾರದ ಕಾಲಕ್ಕೆ ತೆರವಾಯಿತು. ತೆರವಾದಾಗ ಮರಳಿ ಬಂದದ್ದು ಪರವಾನಗಿಯ ಅಂಗಡಿ. ಮನೆಯ ಬಟ್ಟಿಗೆ ಮಾನ್ಯತೆ ಬರಲಿಲ್ಲ. 1996ರ ಏಪ್ರಿಲ್ 1ರಂದು ಎ.ಕೆ. ಆಂಟನಿ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ಕಳ್ಳು ಉಳಿಯಿತು. ಸಾರಾಯಿ ಇಳಿಸಿದವರಿಗೆ ಹತ್ತು ವರ್ಷದವರೆಗೆ ಸೆರೆ, ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇಂಥ ಕಾಯ್ದೆಯಡಿ ಯಾವ ಮನೆತನ ತಾನೇ ತನ್ನ ಪಾಕವನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿಕೊಟ್ಟೀತು? ಚರಿತ್ರಕಾರನಿಗೆ ದಕ್ಕುವ ಕಡತಗಳು ಹಿಡಿಯಲು ಹೋದವರು ಬರೆದವು. ಅವುಗಳಲ್ಲಿ ಮದ್ಯದ ಪ್ರಮಾಣವುಂಟು, ರುಚಿಯಿಲ್ಲ.

ಗೋವಾದಲ್ಲಿ 1961ರವರೆಗೆ ಪೋರ್ಚುಗೀಸ್ ಆಡಳಿತವಿತ್ತು. ಹಳ್ಳಿಯ ಬಟ್ಟಿಗಳು ಅಲ್ಲಿ ಸುಂಕ ತೆತ್ತು ಬೆಳಕಿನಲ್ಲೇ ನಡೆದವು.

ಕಾಸರಗೋಡಿನ ಹಣ್ಣಿಗೆ ಇನ್ನೊಂದು ಹೊಡೆತವೂ ಬಿತ್ತು. 1962ರಲ್ಲಿ ಹುಟ್ಟಿದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಇಲ್ಲಿ ಬೆಳೆಸಿದ ವಿಶಾಲ ಗೇರುತೋಟಗಳು ಬೀಜಕ್ಕಾಗಿ ಇದ್ದವು. ಆ ಬೀಜವನ್ನು ಟೀ ಸೊಳ್ಳೆ ಎಂಬ ಕೀಟದಿಂದ ಉಳಿಸಲು 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಎಣ್ಮಕಜೆಯಂಥ ಗ್ರಾಮಗಳು ಅದರ ಬೆಲೆಯನ್ನು ಇಂದಿಗೂ ತೆರುತ್ತಿವೆ. ಮದ್ಯದ ಚರಿತ್ರೆ ಬರೆಯುವವರು ಇದನ್ನು ದಾಟಿ ಹೋಗುವಂತಿಲ್ಲ: ಬೀಜವಷ್ಟೇ ಬೆಳೆ ಎಂದು ಲೆಕ್ಕ ಹಾಕಿದ ವ್ಯವಸ್ಥೆಗೆ ಹಣ್ಣೂ ಕಾಣಲಿಲ್ಲ, ಮರದ ಕೆಳಗಿನ ಮನೆಗಳೂ ಕಾಣಲಿಲ್ಲ.

2022ರಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಪಯ್ಯಾವೂರು ಸೇವಾ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನಿಂದ ಫೆನಿ ತಯಾರಿಸಲು ಸರ್ಕಾರದ ಒಪ್ಪಿಗೆ ದೊರೆಯಿತು. ಅದೇ ವರ್ಷ ಹಣ್ಣುಹಂಪಲಿನಿಂದ ಕಡಿಮೆ ಆಲ್ಕೋಹಾಲಿನ ವೈನ್ ತಯಾರಿಸುವ ಸಣ್ಣ ಘಟಕಗಳಿಗೆ ನಿಯಮಗಳೂ ಬಂದವು. ಎರಡರ ದಾರಿಯೂ ಸಂಸ್ಥೆ ಮತ್ತು ಪರವಾನಗಿಯ ಮೂಲಕವೇ ಹಾಯುತ್ತದೆ. ತನ್ನ ಗುಡ್ಡೆಯ ಹಣ್ಣನ್ನು ತಾನೇ ಬಟ್ಟಿ ಇಳಿಸುವ ಮನೆ ಈಗಲೂ ಕೇರಳದ ಅಬಕಾರಿ ಕಾಯ್ದೆಯಲ್ಲಿ ಸಾರಾಯಿಯನ್ನು ನಿಷೇಧಿಸುವ ಎಂಟನೆಯ ಸೆಕ್ಷನ್ನಿನಡಿಯೇ ಬರುತ್ತದೆ.